ಮೊದಲು ಸೀಟು, ಆಮೇಲೆ ಪಾಯಿಂಟ್ಸ್

ಕ್ರೆಡಿಟ್ ಕಾರ್ಡಿನಲ್ಲಿ ಕೂಡಿಟ್ಟ ಪಾಯಿಂಟ್ಸ್‌ನಲ್ಲೇ ಅಪ್ಪ-ಅಮ್ಮನನ್ನು ಸಿಂಗಾಪುರಕ್ಕೆ ಕರೆದುಕೊಂಡು ಹೋಗಬೇಕು ಅಂದುಕೊಂಡವರಿಗೆ ಒಂದು ಮಾತು. ಪಾಯಿಂಟ್ಸನ್ನು ಏರ್‌ಲೈನ್ ಖಾತೆಗೆ ಕಳಿಸುವ ಮುಂಚೆ ಸೀಟು ಇದೆಯಾ ನೋಡಿ. ಒಮ್ಮೆ ಕಳಿಸಿದರೆ ಸಾಮಾನ್ಯವಾಗಿ ಕಾರ್ಡಿಗೆ ವಾಪಸ್ ಬರುವುದಿಲ್ಲ. ಸಿಂಗಾಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲಿಗಳಿಗೆ 36 ತಿಂಗಳ ಗಡುವು ಬೇರೆ.

ಬೇಸಿಗೆ ರಜೆಯಲ್ಲಿ ಕಡಿಮೆ ಮೈಲಿಯ ಸೀಟು ಸಿಗುವುದು ಕಷ್ಟ. ನಾಲ್ವರಿಗೆ ಒಟ್ಟಿಗೆ ಬೇಕೆಂದರೆ ಹತ್ತು-ಹನ್ನೊಂದು ತಿಂಗಳು ಮೊದಲೇ ಹುಡುಕಿ, ತಾರೀಕು ಎರಡು ದಿನ ಆಚೀಚೆ ಆದರೂ ಒಪ್ಪಿಕೊಳ್ಳಿ. ಆದರೆ ನಿದ್ದೆಗೆಟ್ಟರೆ ಅಮ್ಮನಿಗೆ ತಲೆನೋವು ಬರುತ್ತದೆ ಅಂತಿದ್ದರೆ, ಮೈಲಿ ಸ್ವಲ್ಪ ಹೆಚ್ಚು ಹೋದರೂ ಹಗಲಿನ ವಿಮಾನವನ್ನೇ ಹಿಡಿಯಿರಿ. ಮೈಲಿ ಕೂಡಿಟ್ಟಿದ್ದೇ ಅವರಿಗಾಗಿ ಅಲ್ಲವೇ? ತೆರಿಗೆ, ವಿಮಾನ ನಿಲ್ದಾಣದ ಶುಲ್ಕಕ್ಕೆ ಮಾತ್ರ ದುಡ್ಡು ಎತ್ತಿಡಿ.

ಹೋಟೆಲ್ ವಿಚಾರ ಇಷ್ಟು ಬಿಗಿ ಇಲ್ಲ. ಮ್ಯಾರಿಯಟ್‌ನಲ್ಲಿ ಪಾಯಿಂಟ್ಸ್ ಕೊಟ್ಟು ಒಂದೇ ಕಡೆ ಸತತ ಐದು ರಾತ್ರಿ ಉಳಿದರೆ ನಾಲ್ಕು ರಾತ್ರಿಗಷ್ಟೇ ಲೆಕ್ಕ. ವಯಸ್ಸಾದವರಿಗೆ ನಡುವೆ ಸೂಟ್‌ಕೇಸ್ ಕಟ್ಟಿ ಬಿಚ್ಚುವ ಕಷ್ಟವೂ ತಪ್ಪುತ್ತದೆ.

ಅಂದಹಾಗೆ, ಅವರ ಪಾಸ್‌ಪೋರ್ಟ್ ಇವತ್ತೇ ಬೀರುವಿನಿಂದ ತೆಗೆದು ನೋಡಿ. ಅಲ್ಲಿಗೆ ಇಳಿಯುವ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.