ಬಾದಾಮಿಯ ಗುಹೆಗಳೂ ಒಂದು ಲೆನ್ಸಿನ ಆಯ್ಕೆಯೂ

ಗದಗಿನಿಂದ ಬಾಗಲಕೋಟೆಯ ಕಡೆಗೆ ಹೊರಡುವ ರೈಲು ಹೊಳೆಆಲೂರನ್ನು ದಾಟಿ ಮಲಪ್ರಭೆಯ ಸೀಮೆಯನ್ನು ಪ್ರವೇಶಿಸಿದ ಮೇಲೆ ಕಪ್ಪು ಎರೆಭೂಮಿ ಹಿಂದೆ ಸರಿದು ಕೆಂಪು ಕಲ್ಲಿನ ಗುಡ್ಡಗಳು ಕಾಣತೊಡಗುತ್ತವೆ. ಕಿಟಕಿಯ ಬದಿಗೆ ಕುಳಿತಿದ್ದ ನಮ್ಮ ತಾಯಿಯವರು ಆ ಗುಡ್ಡಗಳನ್ನು ಕಂಡೊಡನೆ ಸೆರಗನ್ನು ಸರಿಪಡಿಸಿಕೊಂಡು ನೇರವಾಗಿ ಕುಳಿತರು. ಅವರಿಗೀಗ ಎಂಬತ್ತರ ಹತ್ತಿರದ ವಯಸ್ಸು. ಮದುವೆಯಾದ ಹೊಸದರಲ್ಲಿ ನಮ್ಮ ತಂದೆಯವರೊಡನೆ ಒಮ್ಮೆ ಬಾದಾಮಿಗೆ ಬಂದಿದ್ದರಂತೆ. ಆ ಮೇಲೆ ಸಂಸಾರ, ಮಕ್ಕಳು, ಹೊಲಮನೆ. ಮತ್ತೆ ಬರುವುದಾಗಲೇ ಇಲ್ಲ. ತಂದೆಯವರು ಲಿಂಗೈಕ್ಯರಾಗಿ ಹನ್ನೊಂದು ವರ್ಷಗಳಾದವು.

ಆ ಮೊದಲ ಭೇಟಿಯಿಂದ ಉಳಿದುಬಂದ ಒಂದು ವ್ಯಾಜ್ಯವಿದೆ. ಒಂದನೆಯ ಗುಹೆಯ ಬಾಗಿಲಿನ ಬಲಕ್ಕೆ, ಹೊರಗಿನ ಬಂಡೆಯಲ್ಲಿಯೇ ಕಡೆದ ನಟರಾಜನ ಮೂರ್ತಿಯುಂಟಷ್ಟೆ. ಅದರ ಮುಂದೆ ನಿಂತು ಇಬ್ಬರೂ ಕೈಗಳನ್ನು ಎಣಿಸಿದ್ದರಂತೆ. "ನಿಮ್ಮಪ್ಪಾರು ಹದಿನೆಂಟ ಅಂದ್ರು, ನಾ ಹದಿನಾರ ಅಂದೆ. ಇನ್ನೊಮ್ಮೆ ಎಣಿಸೂಣು ಅನ್ನೂದ್ರಾಗ ಬಸ್ಸಿನ ಹೊತ್ತಾತು." ಮೂರ್ತಿಗೆ ಹದಿನೆಂಟು ಕೈಗಳೆಂದು ಎಲ್ಲ ಪುಸ್ತಕಗಳಲ್ಲಿಯೂ ಬರೆದಿದೆ, ಆ ಕೈಗಳ ಜೋಡಣೆಯಿಂದ ೮೧ ಭಂಗಿಗಳು ತೋರುತ್ತವೆಂದು ಅಲ್ಲಿನ ಮಾರ್ಗದರ್ಶಿಗಳು ಹೇಳುವುದೂ ಉಂಟು. ಆದರೆ ತಾಯಿಯವರಿಗೆ ಪುಸ್ತಕದ ಸಾಕ್ಷ್ಯ ಒಪ್ಪಿಗೆಯಿಲ್ಲ, ತಾವೇ ಎಣಿಸಬೇಕು. ಗುಹೆಯ ಮೆಟ್ಟಿಲುಗಳನ್ನೇರುವ ಶಕ್ತಿ ಮೊಣಕಾಲಿಗಿಲ್ಲ. ಕಣ್ಣೂ ಮಂದವಾಗಿದೆ. "ನಾ ಕೆಳಗ ಕುಂಡ್ರತೀನಿ ತಮ್ಮಾ, ನೀ ಫೋಟೋ ಹಿಡ್ಕೊಂಡ ಬಾ. ಕೈ ಎಣಿಸಾಕ ಬರಬೇಕ ನೋಡು," ಎಂದು ಅವರು ನನಗೆ ಕೆಲಸವನ್ನು ಒಪ್ಪಿಸಿದ್ದರು.

ನಾನು ಮೂವತ್ತೆರಡು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಗಣಿತವನ್ನು ಕಲಿಸಿ ನಿವೃತ್ತನಾದವನು. ಮಗಳು ಬೆಂಗಳೂರಿನಲ್ಲಿ ನೌಕರಿ ಸೇರಿ, ಮೊದಲ ಸಂಬಳಗಳನ್ನು ಕೂಡಿಸಿ ನನಗೊಂದು ಕ್ಯಾಮರಾ ತಂದುಕೊಟ್ಟಳು: ಕ್ಯಾನನ್ ೧೫೦೦ಡಿ, ಹೊಸಬರಿಗೆಂದೇ ೨೦೧೮ರಲ್ಲಿ ಬಂದ ಮಾದರಿ. ಅದರ ಜೊತೆಯಲ್ಲಿಯೇ ಬರುವ ಲೆನ್ಸು ೧೮ರಿಂದ ೫೫ ಮಿಲಿಮೀಟರಿನದು. ಈ ಅಂಕಿಗಳಿಗೆ ಸಂಗಮದೂರವೆಂದು ಹೆಸರು. ಅಂಕಿ ಚಿಕ್ಕದಾದಷ್ಟೂ ಹರವಾದ ನೋಟ ಸಿಕ್ಕುತ್ತದೆ, ದೊಡ್ಡದಾದಷ್ಟೂ ದೂರದ ವಸ್ತು ಹತ್ತಿರ ಬರುತ್ತದೆ. ಇನ್ನೊಂದು ಲೆನ್ಸಿಗಾಗಿ ಹದಿನೈದು ಸಾವಿರ ರೂಪಾಯಿಗಳನ್ನು ಬೇರೆಯಾಗಿ ಎತ್ತಿಟ್ಟಿದ್ದೆ. ನಿವೃತ್ತಿವೇತನದ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಯಾವುದನ್ನು ಕೊಳ್ಳಬೇಕೆಂಬುದು ತಿಳಿದಿರಲಿಲ್ಲ. ಹುಬ್ಬಳ್ಳಿಯ ಅಂಗಡಿಯವರು ಸಂದೇಹವೇ ಇಲ್ಲವೆಂಬಂತೆ ೫೫ರಿಂದ ೨೫೦ರ ಉದ್ದ ಲೆನ್ಸನ್ನು ಮುಂದಿಟ್ಟರು. "ಇದೊಂದಿದ್ದರೆ ೧೮ರಿಂದ ೨೫೦ರವರೆಗೆ ಎಲ್ಲವೂ ಕೈಯಲ್ಲಿದ್ದಂತೆ ಸರ್," ಎಂದರು. ಮಾತು ಸುಳ್ಳೇನಲ್ಲ. ಆದರೂ ಊರಿಗೆ ಹೋಗಿಬಂದು ನೋಡೋಣವೆಂದು ಹಿಂತಿರುಗಿದೆ. ಆ ಒಂದು ವಿಳಂಬ ನನ್ನನ್ನು ಕಾಪಾಡಿತು.

ಬಾದಾಮಿ ನಿಲ್ದಾಣದಿಂದ ಊರು ಐದು ಕಿಲೋಮೀಟರು. ಅಗಸ್ತ್ಯ ತೀರ್ಥದ ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳು ಒಂದರ ಮೇಲೊಂದಾಗಿ ಮೆಟ್ಟಿಲ ದಾರಿಗೆ ಹೊಂದಿಕೊಂಡಿವೆ. ತಾಯಿಯವರನ್ನು ಕೆಳಗೆ ಬೇವಿನ ನೆರಳಿನಲ್ಲಿ ಕೂಡಿಸಿ ನಾನು ಹತ್ತುವ ಹೊತ್ತಿಗೆ ಐದು ಗಂಟೆ ಮೀರಿತ್ತು. ಈ ಗುಹೆಗಳು ಉತ್ತರಾಭಿಮುಖವಾಗಿವೆ. ಬಿಸಿಲು ನೇರವಾಗಿ ಒಳಹೊಗುವುದು ಅಪರೂಪ. ಸಂಜೆಯಲ್ಲಂತೂ ಮಂಟಪದೊಳಗೆ ಒಂದು ಬಗೆಯ ಕೆಂಗಪ್ಪು ಮಾತ್ರ ಉಳಿದಿರುತ್ತದೆ. ಕಣ್ಣಿಗೆ ಅದು ಎಷ್ಟೊಂದು ಹಿತವೋ ಕ್ಯಾಮರಾಕ್ಕೆ ಅಷ್ಟೇ ಕಷ್ಟ. ಜನಸಂದಣಿ ಬೇರೆ. ಸಾಲದುದಕ್ಕೆ ಕೋತಿಗಳು, ನನ್ನ ಚೀಲದೊಳಗಿನ ಬಾಳೆಹಣ್ಣಿನ ವಾಸನೆ ಅವಕ್ಕೆ ಕೆಳಗಿನ ಮೆಟ್ಟಿಲಿನಲ್ಲಿಯೇ ತಿಳಿದಿತ್ತು. ಅಲ್ಲಿ ಲೆನ್ಸನ್ನು ಬದಲಾಯಿಸುವವರು ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡೇ ಬದಲಾಯಿಸಬೇಕು.

ನಟರಾಜನನ್ನೂ, ಜಗಲಿಯ ಎರಡು ತುದಿಗಳಲ್ಲಿರುವ ಅರ್ಧನಾರೀಶ್ವರ ಹರಿಹರರನ್ನೂ, ಮೂರನೆಯ ಗುಹೆಯ ಕಂಬಗಳ ಮೇಲಿನ ದಂಪತಿ ಶಿಲ್ಪಗಳನ್ನೂ ಅವಸರದಿಂದ ತೆಗೆದುಕೊಂಡೆ. ಶಕ ೫೦೦, ಎಂದರೆ ಕ್ರಿ.ಶ. ೫೭೮ರ ಮಂಗಲೇಶನ ಶಾಸನವಿರುವುದು ಈ ಮೂರನೆಯ ಗುಹೆಯಲ್ಲಿಯೇ. ನಾಲ್ಕರಲ್ಲಿ ದೊಡ್ಡದೂ ಇದೇ. ಒಳಗೆ ಹೋದಷ್ಟೂ ಕತ್ತಲೆ. ಮರುದಿನ ಪಟ್ಟದಕಲ್ಲು, ಐಹೊಳೆಗಳನ್ನು ಮುಗಿಸಿಕೊಂಡು ಊರಿಗೆ ಬಂದೆವು. ಮಗಳು ರಜೆಗೆ ಬಂದಾಗ ಚಿತ್ರಗಳನ್ನೆಲ್ಲ ಟಿ.ವಿ. ಪರದೆಯ ಮೇಲೆ ತೋರಿಸಿದಳು. ನಟರಾಜನ ಚಿತ್ರ ಬಂದಾಗ ತಾಯಿಯವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆಸಿಕೊಂಡು ಬೆರಳಿಟ್ಟು ಎಣಿಸಿದರು.

"ಇಪ್ಪತ್ತೆರಡು ಆದವಲ್ಲೊ!"

ಎಲ್ಲರೂ ನಕ್ಕೆವು. ಆದರೆ ನನಗೆ ಒಳಗೆ ನಾಚಿಕೆಯಾಯಿತು. ಕೈ ನಡುಗಿ ಚಿತ್ರ ಕದಲಿತ್ತು. ಒಂದೊಂದು ಕೈ ಎರಡಾಗಿ ಮೂಡಿತ್ತು.

ಆ ರಾತ್ರಿ ನಿದ್ರೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಒಂದು ವಹಿಯನ್ನು ಹಿಡಿದು ಕುಳಿತೆ. ಈಗಿನ ಕ್ಯಾಮರಾಗಳಲ್ಲಿ ಒಂದು ಉಪಕಾರವುಂಟು: ಪ್ರತಿಯೊಂದು ಚಿತ್ರದೊಡನೆ ಅದನ್ನು ಎಷ್ಟು ಮಿಲಿಮೀಟರಿನಲ್ಲಿ, ಎಷ್ಟು ವೇಗದಲ್ಲಿ, ಎಷ್ಟು ತೆರೆದ ದ್ವಾರದಿಂದ ತೆಗೆಯಲಾಯಿತೆಂಬ ವಿವರ ತಾನೇ ದಾಖಲಾಗಿರುತ್ತದೆ. ಗಣಿತದ ಮೇಷ್ಟರಿಗೆ ಇನ್ನೇನು ಬೇಕು? ಒಟ್ಟು ೨೧೪ ಚಿತ್ರಗಳು. ಅವುಗಳಲ್ಲಿ ೮೩ನ್ನು ೧೮ ಮಿ.ಮೀ.ನಲ್ಲಿಯೂ ೬೪ನ್ನು ೫೫ರಲ್ಲಿಯೂ ಉಳಿದ ೬೭ನ್ನು ನಡುವಣ ದೂರಗಳಲ್ಲಿಯೂ ತೆಗೆದಿದ್ದೆ. ೫೫ರ ಆಚೆಗೂ ಹೋಗಬೇಕಿತ್ತೆಂದು ನಿಜವಾಗಿ ಅನ್ನಿಸಿದ್ದು ಒಂಬತ್ತರಲ್ಲಿ ಮಾತ್ರ: ತೀರ್ಥದ ಆಚೆ ದಡದ ಭೂತನಾಥ ಗುಡಿ, ಒಂದೆರಡು ಶಿಖರಗಳು, ಮರಿಯನ್ನಪ್ಪಿದ ಒಂದು ಕೋತಿ. ಆದರೆ ಕದಲಿ ಕೆಟ್ಟ ಚಿತ್ರಗಳು ೫೧. ಅವುಗಳಲ್ಲಿ ೪೪ ಗುಹೆ ಮಂಟಪಗಳ ಒಳಗಿನವು. ನನಗೆ ಕೊರತೆಯಾದದ್ದು ದೂರವಲ್ಲ, ಬೆಳಕು. ಅಂಗಡಿಯವರು ಮಾರಲು ಹೊರಟದ್ದು ದೂರವನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಮಕ್ಕಳು ತಂದುಕೊಟ್ಟ ಇಂಥ ಕ್ಯಾಮರಾಗಳು ಈಗ ಅನೇಕ ಮನೆಗಳಲ್ಲಿವೆ. ಲೆನ್ಸಿನ ಮೇಲೆ 'ಎಫ್' ಎಂಬ ಅಕ್ಷರದೊಡನೆ ಒಂದು ಅಂಕಿ ಇರುತ್ತದೆ. ಅದು ಬೆಳಕಿನ ಬಾಗಿಲಿನ ಅಳತೆ. ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಜೊತೆಗೆ ಬರುವ ಲೆನ್ಸನ್ನು ೫೫ಕ್ಕೆ ಎಳೆದಾಗ ಈ ಬಾಗಿಲು ಎಫ್ ೫.೬ಕ್ಕಿಂತ ಹೆಚ್ಚಾಗಿ ತೆರೆಯದು. ಉದ್ದ ಲೆನ್ಸಿನದೂ ೨೫೦ರಲ್ಲಿ ಅದೇ ೫.೬. ಮೇಲಾಗಿ ಉದ್ದ ಹೆಚ್ಚಿದಂತೆ ಕೈಯ ಕಂಪನವೂ ಹಿಗ್ಗಿ ಕಾಣುತ್ತದೆ. ನನ್ನ ಕ್ಯಾಮರಾದಂಥವುಗಳಲ್ಲಿ ಮಿಲಿಮೀಟರಿನ ಅಂಕಿಯನ್ನು ೧.೬ರಿಂದ ಗುಣಿಸಿ, ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ನಿಧಾನವಾಗಿ ತೆಗೆಯಬಾರದೆಂಬುದು ರೂಢಿಯ ಲೆಕ್ಕ. ೫೦ಕ್ಕೆ ಅದು ಎಂಬತ್ತನೆಯ ಒಂದು ಭಾಗ. ೨೫೦ಕ್ಕೆ ನಾನೂರನೆಯ ಒಂದು ಭಾಗ. ಕಂಪನವನ್ನು ತಡೆಯುವ ವ್ಯವಸ್ಥೆ ಲೆನ್ಸಿನಲ್ಲಿದ್ದರೆ ಇದರಲ್ಲಿ ಕೆಲಮಟ್ಟಿನ ರಿಯಾಯಿತಿ ದೊರೆಯುತ್ತದೆಯಾದರೂ ಗುಹೆಯ ಕತ್ತಲೆಯಲ್ಲಿ ಅಷ್ಟು ಬೆಳಕನ್ನು ಎಲ್ಲಿಂದ ತರುವುದು? ತ್ರಿಪಾದಿಯನ್ನು ನಿಲ್ಲಿಸೋಣವೆಂದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಗಡ ಅನುಮತಿ ಬೇಕು. ಫ್ಲ್ಯಾಶ್ ಹೊಡೆದರೆ ಉಬ್ಬುಶಿಲ್ಪದ ನೆರಳೆಲ್ಲ ಅಳಿದು ಕಲ್ಲು ಹಪ್ಪಳದಂತೆ ಚಪ್ಪಟೆಯಾಗುತ್ತದೆ.

ಇದಕ್ಕೆ ಉತ್ತರವಾಗಿ ೫೦ ಮಿ.ಮೀ.ನ ಒಂದು ಗಿಡ್ಡ ಲೆನ್ಸಿದೆ. ಹಿಂದೆ ಮುಂದೆ ಎಳೆಯಲು ಬಾರದು; ಹತ್ತಿರವಾಗಬೇಕಾದರೆ ನಾವೇ ನಡೆಯಬೇಕು. ಆದರೆ ಅದರ ಬಾಗಿಲು ಎಫ್ ೧.೮ರವರೆಗೆ ತೆರೆಯುತ್ತದೆ. ೫.೬ನ್ನು ೧.೮ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ ಹತ್ತು. ಎಂದರೆ ಹತ್ತು ಪಟ್ಟು ಬೆಳಕು. ನಾನು ಕೊಂಡಾಗ ಹತ್ತು ಸಾವಿರದ ಒಳಗೇ ಬಂದಿತು. ನಿಕಾನ್ ಕ್ಯಾಮರಾ ಇರುವವರು ಒಂದು ಎಚ್ಚರ ವಹಿಸಬೇಕು: ಡಿ ೩೫೦೦, ಡಿ ೫೬೦೦ಗಳಂಥ ಚಿಕ್ಕ ಮಾದರಿಗಳ ಒಡಲಿನಲ್ಲಿ ಫೋಕಸ್ ಮಾಡುವ ಮೋಟಾರು ಇಲ್ಲ. ಅಗ್ಗವಾಯಿತೆಂದು ಹಳೆಯ ಎ.ಎಫ್.-ಡಿ ಲೆನ್ಸನ್ನು ತಂದರೆ ಪ್ರತಿ ಸಲವೂ ಕೈಯಿಂದಲೇ ತಿರುಗಿಸಬೇಕಾದೀತು, ಎ.ಎಫ್.-ಎಸ್ ಎಂದಿರುವುದನ್ನು ಕೇಳಬೇಕು.

ಅದಕ್ಕೂ ಮೊದಲು ಬಳಸಿದ ಲೆನ್ಸೊಂದನ್ನು ನೋಡಲು ಹೋಗಿದ್ದೆನೆಂಬುದನ್ನು ಮುಚ್ಚಿಡಲಾರೆ. ಉದ್ದ ಲೆನ್ಸು, ಅರ್ಧ ಬೆಲೆ. ಮನಸ್ಸು ಮತ್ತೆ ಅತ್ತ ಎಳೆದಿತ್ತು. ಮಗಳು ಹೇಳಿಕೊಟ್ಟಂತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದಾಗ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡವು. ಅದು ಬೂಷ್ಟು. ಮಳೆಗಾಲದಲ್ಲಿ ತೇವದ ಕಪಾಟಿನಲ್ಲಿ ಮುಚ್ಚಿಟ್ಟ ಲೆನ್ಸುಗಳಿಗೆ ಹಿಡಿಯುವ ರೋಗ. ಬಳಸಿದ್ದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಬಡವರಿಗೆ ಅದೇ ಒಳ್ಳೆಯ ದಾರಿ. ಆದರೆ ಬೆಳಕಿಗೆ ಹಿಡಿಯದೆ, ತಮ್ಮ ಕ್ಯಾಮರಾಕ್ಕೆ ತೊಡಿಸಿ ಹತ್ತು ಚಿತ್ರ ತೆಗೆಯದೆ ಹಣ ಕೊಡಬಾರದು. ನಾನು ಕೈಮುಗಿದು ಹೊರಬಂದೆ.

ಲೆನ್ಸಿಗೆ ಹೋಗಿ ಉಳಿದ ಹಣದಲ್ಲಿ ಒಂದು ಕಾರನ್ನು ಗೊತ್ತುಮಾಡಿ, ಛಳಿಗಾಲದ ಒಂದು ನಸುಕಿನಲ್ಲಿ ತಾಯಿಯವರನ್ನು ಕೂಡಿಸಿಕೊಂಡು ಮತ್ತೆ ಬಾದಾಮಿಗೆ ಹೊರಟೆ. ಉದ್ದ ಲೆನ್ಸನ್ನು ಕೊಂಡಿದ್ದರೆ ಈ ಎರಡನೆಯ ಪ್ರಯಾಣವೇ ಆಗುತ್ತಿರಲಿಲ್ಲ.

ಗುಹೆಗಳ ಬಾಗಿಲು ತೆರೆದ ಕೂಡಲೇ ಮೊದಲಿಗನಾಗಿ ಹತ್ತಿದೆ. ಜನರಿರಲಿಲ್ಲ. ಬೆಳಗಿನ ಮೆದುವಾದ ಬೆಳಕು ನಟರಾಜನ ಮೇಲೆ ಸಮನಾಗಿ ಹರಡಿತ್ತು. ಪಕ್ಕದ ನಂದಿ, ಗಣಪತಿ, ವಾದ್ಯಗಾರ ಎಲ್ಲರೂ ಸ್ಪಷ್ಟ. ಇಲ್ಲಿ ಒಂದು ಸತ್ಯವನ್ನು ಹೇಳಲೇಬೇಕು. ಈ ಮೂರ್ತಿಗೆ ಹೊಸ ಲೆನ್ಸೇ ಬೇಕಾಗಿರಲಿಲ್ಲ. ಅದು ಬಯಲಿನಲ್ಲಿದೆ. ಮೊದಲ ಸಲ ನಾನು ಸಂಜೆ ತಡಮಾಡಿ ಹೋದದ್ದು ಒಂದು ತಪ್ಪು, ಕ್ಯಾಮರಾದ ಐ.ಎಸ್.ಓ. ಎಂಬ ಬೆಳಕಿನ ಸೂಕ್ಷ್ಮತೆಯನ್ನು ೧೦೦ರಿಂದ ಮೇಲೇರಿಸಬಾರದೆಂಬ ಹುಸಿ ಮಡಿವಂತಿಕೆ ಇನ್ನೊಂದು ತಪ್ಪು. ಅದನ್ನು ೪೦೦ ಮಾಡಿ ಹಳೆಯ ಲೆನ್ಸಿನಿಂದಲೇ ತೆಗೆದ ಚಿತ್ರವೂ ಚೆನ್ನಾಗಿಯೇ ಬಂದಿತು. ಮನಸ್ಸಿಗೆ ತುಸು ಕಸಿವಿಸಿಯಾಯಿತು.

ಹೊಸ ಲೆನ್ಸು ತನ್ನ ಬೆಲೆಯನ್ನು ತೀರಿಸಿದ್ದು ಮೇಲಿನ ಮೂರನೆಯ ಗುಹೆಯಲ್ಲಿ. ಕಂಬದ ತಲೆಯ ದಂಪತಿಗಳ ಮುಖದಲ್ಲಿನ ನಗೆಯನ್ನು ಯಾವ ದೀಪದ ಸಹಾಯವೂ ಇಲ್ಲದೆ ಅದು ಹಿಡಿದುಕೊಟ್ಟಿತು. ಐ.ಎಸ್.ಓ. ೧೬೦೦, ದ್ವಾರ ಎಫ್ ೨, ಸೆಕೆಂಡಿನ ನೂರನೆಯ ಒಂದು ಭಾಗ. ಒಂದು ದೋಷವುಂಟು: ಬಾಗಿಲನ್ನು ಪೂರ್ತಿ ತೆರೆದರೆ ಹತ್ತಿರದ ಮೂರ್ತಿಯ ಮೂಗು ಸ್ಪಷ್ಟವಾಗಿ ಕಿವಿ ಮಸುಕಾಗುತ್ತದೆ. ಓರೆಯಲ್ಲಿ ನಿಲ್ಲದೆ ಎದುರಿಗೆ ನಿಂತು, ೨.೮ರವರೆಗೆ ಮುಚ್ಚಿಕೊಂಡರೆ ಒಳಿತು.

ಅಲ್ಲಿಂದ ಬನಶಂಕರಿಗೆ ಹೋಗಿ ಪುಷ್ಕರಣಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂಡುವ ತಾಯಂದಿರಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರಿನ ಊಟ ಮಾಡಿದೆವು. ಬಾದಾಮಿಯಿಂದ ಪಟ್ಟದಕಲ್ಲು ೨೨ ಕಿಲೋಮೀಟರು. ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳ ಸುತ್ತ ಬೇಕಾದಷ್ಟು ಹುಲ್ಲಿನ ಬಯಲಿದೆ. ಹಿಂದೆ ಸರಿದು ನಿಂತರೆ ೧೮ ಮಿ.ಮೀ.ನಲ್ಲಿ ಇಡೀ ಗುಡಿ ಬರುತ್ತದೆ. ಆದ್ದರಿಂದ ೧೦ರಿಂದ ೧೮ರ ಅತಿಹರವಿನ ಲೆನ್ಸನ್ನು ಇಲ್ಲಿಗೆಂದು ಯಾರೂ ಕೊಳ್ಳಬೇಕಿಲ್ಲ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಒಳಗೆ ಮಾತ್ರ ಮತ್ತೆ ೫೦ರ ಲೆನ್ಸನ್ನೇ ತೊಡಿಸಿದೆ. ಕಂಬಗಳ ಮೇಲೆ ರಾಮಾಯಣ ಮಹಾಭಾರತಗಳ ಕಥೆಗಳು ಅಂಗೈಯಗಲದ ಪಟ್ಟಿಗಳಲ್ಲಿ ಓಡುತ್ತವೆ. ಪೂರ್ವದ ಮುಖಮಂಟಪದ ಮಾಡಿನಲ್ಲಿ ರಥವೇರಿದ ಸೂರ್ಯನಿದ್ದಾನೆ. ಅಲ್ಲಿ ಮೆಟ್ಟಿಲು ಕೆಲವೇ. ತಾಯಿಯವರು ನನ್ನ ತೋಳು ಹಿಡಿದು ಒಳಗೆ ಬಂದರು. ಪೂಜೆ ನಡೆಯುತ್ತಿರುವ ಗುಡಿ ಅದು. ಗರ್ಭಗುಡಿಯ ಕಡೆಗೆ ಕ್ಯಾಮರಾ ತಿರುಗಿಸದೆ ಬದಿಯ ಕಿಂಡಿಯ ಬೆಳಕಿನಲ್ಲಿ ನಿಂತಿದ್ದ ಅವರದೇ ಒಂದು ಚಿತ್ರ ತೆಗೆದೆ. ಮುಖದ ಒಂದೊಂದು ಗೆರೆಯೂ ಬಂದಿದೆ. ಮಗಳು ಎಲ್ಲಕ್ಕಿಂತ ಅದನ್ನೇ ಮೆಚ್ಚಿದಳು.

ಭೂತನಾಥ ಗುಡಿಯ ವಿಷಯ ಉಳಿಯಿತು. ಈ ಸಲ ಅದಕ್ಕಾಗಿ ತೀರ್ಥದ ದಂಡೆಯ ದಾರಿಯಲ್ಲಿ ನಡೆದೇ ಹೋಗಿದ್ದೆ. ಅರ್ಧ ತಾಸೂ ಹಿಡಿಯಲಿಲ್ಲ. ಹಕ್ಕಿಗಳ ಹುಚ್ಚಿರುವವರಿಗೆ, ಮಕ್ಕಳ ಆಟೋಟಗಳನ್ನು ತೆಗೆಯುವವರಿಗೆ ಉದ್ದ ಲೆನ್ಸೇ ಸರಿ. ಅವರ ವಹಿಯಲ್ಲಿ ಲೆಕ್ಕ ಬೇರೆಯಾಗಿ ಬಂದೀತು. ಚಿಕ್ಕ ಮನೆಗಳಲ್ಲಿ ನಾಮಕರಣ, ನಿಶ್ಚಿತಾರ್ಥಗಳ ಚಿತ್ರ ತೆಗೆಯುವವರಿಗೆ ೫೦ ಸಹ ಇಕ್ಕಟ್ಟು. ಗೋಡೆಗೆ ಬೆನ್ನು ತಾಗಿದ ಮೇಲೆ ಹಿಂದೆ ಸರಿಯುವುದೆಲ್ಲಿಗೆ? ಅಂಥವರು ೨೪ ಮಿ.ಮೀ.ನ ಎಫ್ ೨.೮ ಲೆನ್ಸನ್ನು ನೋಡಬಹುದು.

ಗದಗಿಗೆ ಬಂದ ಮೇಲೆ ಉಳಿದಿದ್ದ ದುಡ್ಡಿನಲ್ಲಿ ನಟರಾಜನ ಚಿತ್ರವನ್ನು ಎರಡಡಿ ಎತ್ತರಕ್ಕೆ ಮುದ್ರಿಸಿ ತಂದು ಪಡಸಾಲೆಯ ಬೆಳಕಿನಲ್ಲಿ ಒರಗಿಸಿದೆ. ತಾಯಿಯವರು ಪೂಜೆ ಮುಗಿಸಿ ಬಂದು, ಕನ್ನಡಕವನ್ನು ಸೆರಗಿನಿಂದ ಒರೆಸಿ, ಎಡಗಡೆಯ ಕೈಗಳನ್ನು ಮೊದಲು ಎಣಿಸಿದರು. ಆ ಮೇಲೆ ಬಲಗಡೆಯವು. ಮತ್ತೊಮ್ಮೆ ಮೊದಲಿನಿಂದ ಎಣಿಸಿದರು.

"ಹದಿನೆಂಟs ಅದಾವ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರದ ಖರೆ ಆತು ನೋಡು," ಎಂದು ಒಳಗೆ ಹೋದರು.

ಸಂಜೆ ಅವರೇ ಮೊಳೆ, ಸುತ್ತಿಗೆಗಳನ್ನು ಹುಡುಕಿ ತಂದು ನನ್ನ ಕೈಗೆ ಕೊಟ್ಟರು. ಚಿತ್ರ ಈಗ ಅವರ ಮಂಚದ ಎದುರಿನ ಗೋಡೆಯ ಮೇಲಿದೆ.