ಹಿಂದಿನ ಗಾಲಿಗಳು

ಮೂವತ್ತೈದು ವರ್ಷ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನು ಮೋಟಾರು ಕಾರಿನ ವಿಚಾರವಾಗಿ ಲೇಖನ ಬರೆಯಲು ಹೊರಟಿರುವುದನ್ನು ಕಂಡು ವಾಚಕ ಮಹಾಶಯರು ನಗಬಹುದು. ನಗಲಿ. ಕಳೆದ ಆಷಾಢದಲ್ಲಿ ಚಾರ್ಮಾಡಿ ಘಟ್ಟದ ಒಂದು ತಿರುವಿನಲ್ಲಿ ನಡೆದ ಸಂಗತಿಯು ನನ್ನ ಪಾಂಡಿತ್ಯವನ್ನೂ ಮನೆವಾರ್ತೆಯ ಜಾಣತನವನ್ನೂ ಒಟ್ಟಿಗೆ ಅಲುಗಿಸಿಬಿಟ್ಟಿತು. ಮನೆಯಲ್ಲಿ ಕಾರಿಟ್ಟುಕೊಂಡ ಗೃಹಸ್ಥರು ಈಗ ಅನೇಕರಿರುವುದರಿಂದ ಅದನ್ನು ಹೇಳಿಬಿಡುವುದೇ ಲೇಸೆಂದು ತೋರಿತು.

ನಮ್ಮದು ಚಿಕ್ಕ ಕಾರು. ಎಂಜಿನ್ನು ಮುಂದೆ; ಎಳೆಯುವುದೂ ಮುಂದಿನ ಗಾಲಿಗಳೇ. ನಾನು ಹುಡುಗನಾಗಿದ್ದಾಗ ಕಂಡ ಅಂಬಾಸಡರು ಹಿಂದಿನ ಗಾಲಿಗಳಿಂದ ದೂಡಿಸಿಕೊಂಡು ಹೋಗುತ್ತಿದ್ದಿತು. 1983ರಲ್ಲಿ ಮಾರುತಿ 800 ಬಂದಿತು. ಆಮೇಲೆ ಸಂಸಾರಸ್ಥರ ಕಾರುಗಳು ಒಂದೊಂದಾಗಿ ಎತ್ತಿನ ಗಾಡಿಯ ಧರ್ಮವನ್ನು ಹಿಡಿದವು: ಮುಂದಿನದು ಎಳೆಯುವುದು, ಹಿಂದಿನದು ಹಿಂಬಾಲಿಸುವುದು. ಇಂತಹ ಕಾರಿನ ಭಾರದಲ್ಲಿ ನೂರಕ್ಕೆ ಸುಮಾರು ಅರುವತ್ತು ಪಾಲು ಮುಂದಿನ ಗಾಲಿಗಳ ಮೇಲೆಯೇ ಇರುತ್ತದೆ. ವೇಗವಾಗಿ ತಿರುವಿಗೆ ನುಗ್ಗಿದರೆ ಮೊದಲು ಜಾರುವುದು ಮುಂದಿನ ಗಾಲಿಗಳು; ನಾವು ತಿರುಗಿಸಿದಷ್ಟು ಕಾರು ತಿರುಗದು. ಇದನ್ನು ಹುಡುಗರು ಅಂಡರ್‌ಸ್ಟಿಯರ್ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ, ಹಿಂಭಾಗವು ಹೊರಕ್ಕೆ ಜಾರಿ, ಕೇಳಿದುದಕ್ಕಿಂತ ಹೆಚ್ಚಾಗಿ ಮೂತಿ ಒಳಕ್ಕೆ ತಿರುಗಿಬಿಡುವುದು ಓವರ್‌ಸ್ಟಿಯರ್. ನಾನು ಇವಕ್ಕೆ ಅಲ್ಪವಲನ, ಅತಿವಲನ ಎಂದು ಹೆಸರಿಟ್ಟು ಮಗನಿಗೆ ಹೇಳಿದೆ. ಅವನು ನಕ್ಕನೇ ಹೊರತು ಬಳಕೆಗೆ ತರಲಿಲ್ಲ.

ಕಾರನ್ನು ಮಾಡುವವರು ಅಲ್ಪವಲನದ ದೋಷವನ್ನು ಬುದ್ಧಿಪೂರ್ವಕವಾಗಿಯೇ ಅದರಲ್ಲಿ ಉಳಿಸಿರುತ್ತಾರಂತೆ. ಗಾಬರಿಗೊಂಡ ಮನುಷ್ಯನು ಮಾಡುವ ಮೊದಲ ಕೆಲಸ ಕಾಲು ಸಡಿಲಿಸುವುದು. ಮುಂದಿನ ಗಾಲಿ ಜಾರುತ್ತಿರುವಾಗ ಅದೇ ಔಷಧ. ಹಿಂದಿನ ಗಾಲಿ ಜಾರುತ್ತಿರುವಾಗ ಅದೇ ವಿಷ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗನಿಗೆ ಈ ಸಾಧುತನ ಸರಿಬೀಳಲಿಲ್ಲ. ತಿರುವಿನಲ್ಲಿ ಕಾರು ಎಮ್ಮೆಯಂತೆ ಹೋಗುತ್ತದೆಂದು ಅವನ ದೂರು. ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಗಿಡ್ಡನೆಯ ಬಿಗಿ ಸ್ಪ್ರಿಂಗುಗಳನ್ನು ಹಾಕಿಸಿದನು. ಹಿಂದಿನ ಎರಡು ಗಾಲಿಗಳ ನಡುವೆ ದಪ್ಪನೆಯ ಉಕ್ಕಿನ ಸರಳೊಂದನ್ನು ಕಟ್ಟಿಸಿದನು. ಹಿಂದಿನ ಟೈರುಗಳಿಗೆ ಗಾಳಿಯನ್ನು ಆರು ಪೌಂಡು ಏರಿಸಿದನು. ಇವೆಲ್ಲ ನನಗೆ ತಿಳಿದುದು ಆಮೇಲೆ.

ಇನ್ನು ನನ್ನ ಪಾಲಿನ ಕೆಲಸ. ಜೇಷ್ಠದಲ್ಲಿ ಮುಂದಿನ ಟೈರುಗಳು ಸವೆದು ಬೋಳಾಗಿದ್ದವು. ಹಿಂದಿನವಕ್ಕೆ ಆರು ವರ್ಷವಾಗಿದ್ದರೂ ಗೀರುಗಳು ಇನ್ನೂ ಕಾಣುತ್ತಿದ್ದವು. ಪಿಂಚಣಿಯ ಮನುಷ್ಯ ನಾಲ್ಕನ್ನು ಏಕೆ ಕೊಳ್ಳಬೇಕು? ಎರಡೇ ಕೊಂಡೆನು. ಅಂಗಡಿಯ ಹುಡುಗನು ಹೊಸವನ್ನು ಹಿಂದಕ್ಕೂ, ಹಿಂದಿದ್ದ ಹಳೆಯವನ್ನು ಮುಂದಕ್ಕೂ ಹಾಕಲು ಹೊರಟನು. ನಾನು ತಡೆದು, “ಎಳೆಯುವ ಎತ್ತಿಗಲ್ಲವೇನಯ್ಯಾ ಹಿಂಡಿ?” ಎಂದೆನು. ಅವನು ಏನೋ ಹೇಳಲು ಬಾಯಿ ತೆರೆದನು. ನನ್ನ ಮೇಷ್ಟರ ಮುಖವನ್ನು ನೋಡಿ, “ಸರಿ ಸಾರ್” ಎಂದು ನಾನು ಹೇಳಿದಂತೆಯೇ ಮಾಡಿದನು. ನನ್ನ ಉಪಮಾನದ ಸೊಗಸಿಗೆ ನಾನೇ ಮೆಚ್ಚಿಕೊಂಡು ಮನೆಗೆ ಬಂದೆನು.

ಮಗಳ ಕೂಸಿನ ನಾಮಕರಣಕ್ಕೆಂದು ಬೆಳ್ತಂಗಡಿಯ ಕಡೆಗೆ ಹೊರಟೆವು. ಮಗನು ಸಾರಥಿ, ನಾನು ಪಕ್ಕದಲ್ಲಿ, ಮನೆಯವಳು ಬೆಳ್ಳಿಯ ಬಟ್ಟಲಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಟ್ಟ ಇಳಿಯತೊಡಗಿದಾಗ ಸಣ್ಣಗೆ ಮಳೆ, ಮಂಜು. ಅಣ್ಣಪ್ಪನ ಗುಡಿಯನ್ನು ದಾಟಿದ ಮೇಲೆ ಒಂದು ಎಡ ತಿರುವು. ವೇಗ ಬಹಳವೇನೂ ಇರಲಿಲ್ಲ. ಆದರೆ ತಿರುವು ಒಳಗೊಳಗೆ ಬಿಗಿಯಾಗುತ್ತ ಹೋಯಿತು. ನಾನು “ಮೆಲ್ಲಗೆ!” ಎಂದು ಕೂಗಿದೆನು. ಮಗನು ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದನು.

ಮುಂದಿನದು ನಡೆದದ್ದು ಒಂದು ಶ್ಲೋಕದ ಕಾಲು ಪಾದವನ್ನು ಹೇಳುವಷ್ಟು ಹೊತ್ತಿನಲ್ಲಿ. ಕಾರಿನ ಹಿಂಭಾಗ ಬಲಕ್ಕೆ, ಕಣಿವೆಯ ಕಡೆಗೆ, ಬಾಲ ಬೀಸಿದಂತೆ ಹೋಯಿತು. ನನ್ನ ಕಿಟಕಿಯಲ್ಲಿ ಇರಬೇಕಾಗಿದ್ದ ಗುಡ್ಡ ಎದುರಿನ ಗಾಜಿಗೆ ಬಂದಿತು. ರಸ್ತೆಗೆ ಅಡ್ಡಲಾಗಿ, ಮೂತಿಯನ್ನು ಗುಡ್ಡದ ಚರಂಡಿಗೆ ಊರಿ ನಿಂತೆವು. ಹಿಂದಿನ ಗಾಲಿಗಳು ಆಚೆಯ ಅಂಚಿನ ತಡೆಗೋಡೆಯಿಂದ ಎಷ್ಟು ದೂರವಿದ್ದವೆಂಬುದನ್ನು ನಾನು ಇಳಿದು ನೋಡಿದೆನು. ಮನೆಯವಳಿಗೆ ಇಂದಿಗೂ ಹೇಳಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದು ಬಸ್ಸು ಬಂದಿತು. ಅದರಲ್ಲಿದ್ದವರು ಇಳಿದು ಕಾರನ್ನು ತಳ್ಳಿ ನಿಲ್ಲಿಸಿಕೊಟ್ಟರು.

ಬೀಗರ ಮನೆಯಲ್ಲಿ, ಹತ್ತು ಜನರೆದುರಿಗೆ, ನಾನು ಮಗನನ್ನು ಬೈದೆನು. “ನಿನ್ನ ಷೋಕಿಗೆ ಹೆತ್ತ ತಾಯಿಯನ್ನು ಬಲಿಕೊಡುತ್ತಿದ್ದೆ” ಎಂಬ ಮಾತೂ ನನ್ನ ಬಾಯಿಂದ ಬಂದಿತು. ಅವನು ಎದುರಾಡಲಿಲ್ಲ. ಪಂಕ್ತಿಯಲ್ಲಿ ಕುಳಿತು ಪಾಯಸವನ್ನು ಮುಟ್ಟದೆ ಎದ್ದನು.

ಚಿಕ್ಕಮಗಳೂರಿಗೆ ಹಿಂದಿರುಗಿದ ಮೇಲೆ ಕಾರನ್ನು ನನ್ನ ಹಳೆಯ ಶಿಷ್ಯನೊಬ್ಬನ ಬಳಿಗೆ ಒಯ್ದೆವು. ಸಂಸ್ಕೃತದಲ್ಲಿ ಮೂರು ಸಲ ಕಂಬಿ ಕಿತ್ತವನು. ನಮ್ಮ ಜಿಲ್ಲೆಯ ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿಗಳ ಕಾರುಗಳನ್ನು ರಿಪೇರಿ ಮಾಡಿ ಹೆಸರಾದ ಮೇಸ್ತ್ರಿ. ಅವನು ಸರಳನ್ನಾಗಲಿ ಸ್ಪ್ರಿಂಗನ್ನಾಗಲಿ ಮೊದಲು ನೋಡಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಹಿಂದಿನ ಟೈರನ್ನು ಉಗುರಿನಿಂದ ಒತ್ತಿ, “ಹೊಸ ಜೊತೆಯನ್ನು ಮುಂದಕ್ಕೆ ಹಾಕಿಸಿದವರು ಯಾರು ಮೇಷ್ಟ್ರೇ?” ಎಂದನು.

ಮಗನು ನೆಲವನ್ನು ನೋಡುತ್ತಿದ್ದನು. ಅವನಿಗೆ ಗೊತ್ತಿದ್ದಿತು! ಟೈರಿನ ಚೀಟಿಯನ್ನು ಕಾರಿನಲ್ಲಿ ನಾನೇ ಇಟ್ಟಿದ್ದೆನಲ್ಲವೆ? ಬೀಗರ ಮನೆಯಲ್ಲಿ ಒಂದು ಮಾತಿನಿಂದ ನನ್ನ ಬಾಯಿ ಮುಚ್ಚಿಸಬಹುದಾಗಿದ್ದಿತು; ಮುಚ್ಚಿಸಲಿಲ್ಲ. “ನಾನೇ ಹಾಕಿಸಿದೆ” ಎಂದೆನು. ತರಗತಿಯಲ್ಲಿ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನನಗೆ ಇರಲಿಲ್ಲವಾಗಿ, ಆ ಎರಡು ಪದಗಳು ಬರಲು ತಡವಾಯಿತು.

ಹಳೆಯ ಟೈರಿನ ರಬ್ಬರು ಗಟ್ಟಿಯಾಗಿ, ಗೀರುಗಳು ಆಳವಿಲ್ಲದೆ, ನೀರನ್ನು ಸರಿಸಲಾರದಾಗಿದ್ದಿತು. ಒಳ್ಳೆಯ ಜೊತೆ ಯಾವಾಗಲೂ ಹಿಂದಕ್ಕೆ ಎಂದನು ಮೇಸ್ತ್ರಿ. ಎಳೆಯುವುದು ಯಾವ ಗಾಲಿಯಾದರೂ ಸರಿ. ಇನ್ನು ಮಗನ ಸರಳು. ತಿರುವಿನಲ್ಲಿ ಕಾರು ಹೊರಕ್ಕೆ ಮಾಲುವುದನ್ನು ತಡೆಯಲು ಅದು ಒಳಗಿನ ಗಾಲಿಯ ಭಾರವನ್ನು ಕಿತ್ತು ಹೊರಗಿನ ಗಾಲಿಯ ಮೇಲೆ ಹೊರಿಸುತ್ತದೆ. ಭಾರ ಇಮ್ಮಡಿಯಾದರೆ ಟೈರಿನ ಹಿಡಿತ ಇಮ್ಮಡಿಯಾಗುವುದಿಲ್ಲ. ಇದು ನನಗೆ ಥಟ್ಟನೆ ಅರ್ಥವಾಯಿತು: ಜಾಣ ಹುಡುಗನೊಬ್ಬನಿಗೇ ಇಬ್ಬರ ಮನೆಪಾಠ ಕೊಟ್ಟರೆ ಇಬ್ಬರ ಕೆಲಸ ಆಗದು. ಆದುದರಿಂದ ಹಿಂದಿನ ಜೊತೆಯ ಒಟ್ಟು ಹಿಡಿತ ಕುಗ್ಗುತ್ತದೆ. ಅದರ ಮೇಲೆ ಇಳಿಜಾರು. ಅದರ ಮೇಲೆ ಕಾಲು ತೆಗೆದೊಡನೆ ಭಾರ ಮುಂದಕ್ಕೆ ವಾಲಿ ಹಿಂಭಾಗ ಹಗುರವಾಯಿತು. ನನ್ನ “ಮೆಲ್ಲಗೆ” ಎಂಬ ಕೂಗಿಗೂ ಇದರಲ್ಲಿ ಪಾಲುಂಟು.

ಪರೀಕ್ಷೆಯನ್ನು ನಡೆಸಿದ್ದು ಒಂದು ತೋಟದ ಕಾಫಿ ಕಣದಲ್ಲಿ. ಮಳೆಗಾಲದಲ್ಲಿ ಕಣ ಬರಿದಾಗಿ, ಒದ್ದೆಯಾಗಿ, ಅಗಲವಾಗಿ ಬಿದ್ದಿರುತ್ತದೆ. ಮೇಸ್ತ್ರಿಯು ಒಂದೇ ವೇಗದಲ್ಲಿ ವೃತ್ತಾಕಾರವಾಗಿ ಸುತ್ತುವನು, ನಡುವೆ ಕಾಲು ತೆಗೆಯುವನು, ಬಾಲ ಎಷ್ಟು ಬೀಸಿತೆಂದು ನಾವು ನೋಡುವೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಕೂಡಿಸಿದರೆ ಯಾವುದರ ಫಲ ಯಾವುದೆಂದು ತಿಳಿಯದು ಎಂದು ಅವನ ನಿಯಮ. ನಾನು ಹಿರಿಹಿರಿ ಹಿಗ್ಗಿದೆನು. ಇದು ನಮ್ಮ ಶಾಸ್ತ್ರದ ಅನ್ವಯವ್ಯತಿರೇಕವಲ್ಲದೆ ಮತ್ತೇನು? ಮೂರು ಸಲ ನಪಾಸಾದವನು ಅದನ್ನು ಸ್ಪ್ಯಾನರಿನಿಂದ ಕಲಿತಿದ್ದನು.

ಮೊದಲ ಸುತ್ತಿನಲ್ಲಿ ಕಾರು ಅರ್ಧ ಪ್ರದಕ್ಷಿಣೆ ಹಾಕಿ ನಮ್ಮ ಕಡೆಗೇ ಮುಖ ಮಾಡಿ ನಿಂತಿತು. ಹೊಸ ಟೈರು ಹಿಂದಕ್ಕೆ ಹೋದೊಡನೆ ಆ ಪುಂಡಾಟ ಬಹುಮಟ್ಟಿಗೆ ಅಡಗಿತು. ಗಾಳಿಯನ್ನು ಬಾಗಿಲಿನ ಕಂಬದ ಚೀಟಿಯಲ್ಲಿ ಬರೆದಿರುವ ಅಂಕಿಗೆ ಇಳಿಸಿದುದರಿಂದ ಇನ್ನಷ್ಟು. ನೂಲು ಕಟ್ಟಿ ನೋಡಿದಾಗ ಹಿಂದಿನ ಗಾಲಿಗಳ ಮುಖ ನೇರವಾಗಿಯೇ ಇದ್ದಿತು. ಹೊರಕ್ಕೆ ತಿರುಗಿದ್ದರೆ ಅದೂ ಬಾಲವನ್ನು ಚಂಚಲಗೊಳಿಸುತ್ತದಂತೆ. ಸರಳಿನ ತೋಳಿನಲ್ಲಿ ಎರಡು ರಂಧ್ರಗಳಿದ್ದವು. ತುದಿಯದಕ್ಕೆ ಕೊಂಡಿ ಹಾಕಿದರೆ ತೋಳು ಉದ್ದವಾಗಿ ಸರಳು ಮೆತ್ತಗಾಗುವುದು. ಹಾಗೆ ಮಾಡಿದ ಮೇಲೆ ಕಾಲು ತೆಗೆದರೂ ಕಾರು ಸ್ವಲ್ಪ ಒಳಕ್ಕೆ ನೋಡಿ ಸುಮ್ಮನಾಯಿತು. ಸ್ಪ್ರಿಂಗುಗಳಿಗೆ ಮಾತ್ರ ಮೇಸ್ತ್ರಿ ಒಪ್ಪಲಿಲ್ಲ, ಹಳೆಯವನ್ನೇ ಹಾಕಿಸಿರೆಂದನು. ಖರ್ಚು ಮಗನದು, ನಾನು ಕೇಳಲಿಲ್ಲ.

ಓಡಿಸುವವನಿಗೂ ಪಾಠವಾಯಿತು. ನಿಧಾನಿಸುವುದೆಲ್ಲ ತಿರುವಿಗೆ ಮೊದಲು, ನೇರ ದಾರಿಯಲ್ಲಿಯೇ ಮುಗಿಯಬೇಕು. ತಿರುವಿನೊಳಗೆ ಕಾಲು ಹಗುರವಾಗಿ ಒಂದೇ ಸಮನಾಗಿರಬೇಕು. ಬಾಲ ಬೀಸಿದರೆ ಬ್ರೇಕು ತುಳಿಯಬಾರದು. ಬಾಲ ಯಾವ ಕಡೆಗೆ ಹೋಯಿತೋ ಆ ಕಡೆಗೇ ಚಕ್ರವನ್ನು ತಿರುಗಿಸಿ, ಹೋಗಬೇಕಾದ ದಾರಿಯನ್ನು ನೋಡುತ್ತ, ಆಕ್ಸಿಲರೇಟರನ್ನು ತುಸುವೇ ಒತ್ತಬೇಕು. ಮುಂದಿನ ಗಾಲಿಗಳು ಕಾರನ್ನು ನೇರಕ್ಕೆ ಎಳೆದುಕೊಳ್ಳುತ್ತವೆ. ಮಗನು ಕಣದಲ್ಲಿ ಇದನ್ನು ಇಪ್ಪತ್ತು ಸಲವಾದರೂ ಮಾಡಿದನು. ಪಕ್ಕದಲ್ಲಿ ಕುಳಿತವರು ಮಾಡಬೇಕಾದುದೇನೆಂದು ನಾನು ಕೇಳಿದೆನು. “ಸುಮ್ಮನಿರಬೇಕು ಮೇಷ್ಟ್ರೇ” ಎಂದನು ಮೇಸ್ತ್ರಿ.

ಮನೆಗೆ ಬರುವಾಗ ದಾರಿಯಲ್ಲಿ ಮಗನನ್ನು ಕುರಿತು, “ಅಲ್ಲಿ ಬೀಗರ ಮುಂದೆ ನೀನು ಹೇಳಬಹುದಾಗಿತ್ತು” ಎಂದೆನು. ಅವನು, “ಸರಳು ಹಾಕಿಸಿದವನು ನಾನಲ್ಲವೇನಪ್ಪ? ಅರ್ಧ ಹೇಳುವುದು ಹೇಗೆ?” ಎಂದನು. ಮಗಳ ಮಾವನವರಿಗೆ ನಾನು ಒಂದು ಕಾಗದ ಬರೆದು ಟೈರಿನ ಸಂಗತಿಯನ್ನೆಲ್ಲ ತಿಳಿಸಿದೆನು. ಅವರು ಉತ್ತರದಲ್ಲಿ ಕೂಸಿನ ಹಲ್ಲಿನ ವಿಚಾರವನ್ನಷ್ಟೇ ಬರೆದರು, ದೊಡ್ಡವರು.

ದೀಪಾವಳಿಗೆ ಬಂದಾಗ ಮಗನು ತಾನಾಗಿಯೇ ಸರಳನ್ನು ಪೂರ್ತಿಯಾಗಿ ಬಿಚ್ಚಿಸಿದನು. ಅದು ಈಗ ಹಿತ್ತಿಲಲ್ಲಿದೆ. ಮನೆಯವಳು ಹೀರೆಯ ಬಳ್ಳಿಯ ಚಪ್ಪರಕ್ಕೆ ಅದನ್ನು ಊರುಗೋಲಾಗಿ ನಿಲ್ಲಿಸಿದ್ದಾಳೆ.