ಹಿಮದ ನಡುವೆ ತೆರೆದ ಬಾಗಿಲು

ಸ್ವಿಟ್ಜರ್ಲೆಂಡಿನ ಮಾರ್ಟಿನಿ ಪಟ್ಟಣದಿಂದ ಹೊರಟ ನಾವು ಆಲ್ಪ್ಸ್ ಪರ್ವತದ ತಿರುವುಗಳನ್ನು ಹತ್ತಿ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟದ ನೆತ್ತಿ ಮುಟ್ಟಿದೆವು. ಎತ್ತರ 2,469 ಮೀಟರ್. ಜುಲೈ ತಿಂಗಳಾದರೂ ಬಂಡೆಗಳ ಮರೆಯಲ್ಲಿ ಹಿಮವಿತ್ತು. ಸರೋವರದ ಆಚೆ ಇಟಲಿ.

ರೋಮನ್ನರ ಕಾಲದಿಂದಲೂ ಜನ ನಡೆದ ದಾರಿಯಿದು. ಹಿಮಕ್ಕೂ ದರೋಡೆಗೂ ಸಿಕ್ಕಿ ಸತ್ತವರು ಅನೇಕರು. ಇದಕ್ಕೆ ಮರುಗಿದ ಸಂತ ಬರ್ನಾರ್ಡರು ಸುಮಾರು 1050ರಲ್ಲಿ ಇಲ್ಲಿ ಆಶ್ರಯಧಾಮ ಕಟ್ಟಿಸಿದರು. ದಾರಿ ತಪ್ಪಿದವರನ್ನು ಹುಡುಕುತ್ತಿದ್ದ ಮಠದ ನಾಯಿಗಳು ಲೋಕಪ್ರಸಿದ್ಧವಾದವು. 1800ರ ಮೇ ತಿಂಗಳಲ್ಲಿ ಘಟ್ಟ ದಾಟಿದ ನೆಪೋಲಿಯನ್ನನ ಸೈನಿಕರಿಗೂ ಮಠದವರು ಊಟ ಕೊಟ್ಟರು. 1964ರಲ್ಲಿ ಸುರಂಗಮಾರ್ಗ ತೆರೆಯಿತು. ಚಳಿಗಾಲದಲ್ಲಿ ಮೇಲಿನ ರಸ್ತೆ ಮುಚ್ಚುತ್ತದೆ. ಆದರೂ ಹಿಮದಲ್ಲಿ ನಡೆದು ಬರುವವರಿಗೆ ಮಠ ತೆರೆದೇ ಇರುತ್ತದೆ.

ಏದುಸಿರು ಬಿಡುತ್ತಿದ್ದ ನಮಗೂ, ಯಾರು ಎತ್ತ ಎಂದು ಕೇಳುವ ಮೊದಲೇ ಬಿಸಿ ಚಹಾ ಬಂತು. ಊರಿನಲ್ಲಿ ರಾತ್ರಿ ಬಾಗಿಲು ತಟ್ಟಿದವರನ್ನು ಕಿಟಕಿಯಿಂದಲೇ ವಿಚಾರಿಸಿ ಕಳಿಸಿದ್ದು ನಮಗೆ ನೆನಪಾಯಿತು.